ನೋಡುವ ಮಾತು, ತಿದ್ದುವ ಮಾತು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಮ್ಮ ಶಾಲೆಯ ಐವತ್ತು ವರ್ಷಗಳ ದಾಖಲಾತಿ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಬೇಕೆಂದು ಮಹೋತ್ಸವ ಸಮಿತಿ ತೀರ್ಮಾನಿಸಿದೆ. ಒಂಬತ್ತನೇ ತರಗತಿಯ ಮಕ್ಕಳು ಈ ಕೆಲಸಕ್ಕೆ ಕೈಜೋಡಿಸಲಿದ್ದಾರೆ. ನಾನು ಇಂಥ ದಾಖಲೆಗಳ ಕೆಲಸದಲ್ಲೇ ಇರುವವನು. ಅದಕ್ಕಾಗಿ, ಕೆಲಸ ಶುರುವಾಗುವ ಮೊದಲು ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಸಮಿತಿಯವರು ಕೇಳಿದರು. ಹಿರಿಯರೂ ದಯವಿಟ್ಟು ಕೇಳಿಸಿಕೊಳ್ಳಬೇಕು. ಆ ಪುಸ್ತಕದಲ್ಲಿರುವುದು ನಿಮ್ಮ ಹೆಸರುಗಳೇ.

ದಾಖಲಾತಿ ಪುಸ್ತಕದ ಒಂದು ಪುಟವನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬ ವಿದ್ಯಾರ್ಥಿಗೆ ಒಂದು ಸಾಲು. ದಾಖಲಾತಿ ಸಂಖ್ಯೆ, ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನಾಂಕ, ಸೇರಿದ ವರ್ಷ, ಹೀಗೆ ಒಂದೊಂದು ವಿವರಕ್ಕೆ ಒಂದೊಂದು ಕಲಂ. ಕಂಪ್ಯೂಟರಿನ ಡೇಟಾಬೇಸಿನಲ್ಲೂ ಇದೇ ಸಾಲು, ಇದೇ ಕಲಂ. ದಾಖಲೆಗಳನ್ನು ಹೀಗೆ ಕೋಷ್ಟಕಗಳಾಗಿ ಇಡಬಹುದು ಎಂಬ ಸಿದ್ಧಾಂತವನ್ನು 1970ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಮಂಡಿಸಿದರು. ಆ ಕೋಷ್ಟಕಗಳನ್ನು ಮಾತಾಡಿಸಲು ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಒಂದು ಭಾಷೆಯನ್ನು ಪ್ರಕಟಿಸಿದರು. ಇಂದು ಅದರ ಹೆಸರು ಎಸ್‌ಕ್ಯೂಎಲ್. ನಮ್ಮ ಶಾಲೆಯ ಬಾಗಿಲು ತೆರೆದದ್ದೂ ಅದೇ 1974ರಲ್ಲಿ. ಇಬ್ಬರೂ ಓರಗೆಯವರು!

ಈ ಭಾಷೆಯ ಮೊದಲ ಮಾತು ಸೆಲೆಕ್ಟ್, ಅಂದರೆ ಆರಿಸಿ ತೋರಿಸು. 1985ರಲ್ಲಿ ಶಾಲೆಗೆ ಸೇರಿದ ಹೊಸಹಳ್ಳಿಯವರ ಹೆಸರು ಬೇಕು ಎನ್ನಿ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದನ್ನು ನಮ್ಮ ಅಕ್ಷರದಲ್ಲಿ ಬರೆದರೆ ಹೀಗಿರುತ್ತದೆ:

ಸೆಲೆಕ್ಟ್ ಹೆಸರು, ತಂದೆ_ಹೆಸರು
ಫ್ರಮ್ ದಾಖಲಾತಿ
ವೇರ್ ಊರು = 'ಹೊಸಹಳ್ಳಿ' ಅಂಡ್ ಸೇರಿದ_ವರ್ಷ = 1985;

ಯಾವ ಕಲಂಗಳು ಬೇಕು, ಯಾವ ಪುಸ್ತಕದಿಂದ, ಯಾವ ಷರತ್ತಿಗೆ ಒಪ್ಪುವ ಸಾಲುಗಳು ಎಂಬ ಮೂರೇ ಪ್ರಶ್ನೆ. ಗುಮಾಸ್ತರು ಅರ್ಧ ದಿನ ಪುಟ ಮಗುಚಿ ಹುಡುಕುತ್ತಿದ್ದುದು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಸೆಲೆಕ್ಟ್ ಎಷ್ಟು ಸಲ ಬರೆದರೂ ದಾಖಲೆಯ ಒಂದಕ್ಷರವೂ ಅಲುಗುವುದಿಲ್ಲ. ಆದ್ದರಿಂದ ಮಕ್ಕಳೇ, ಧೈರ್ಯವಾಗಿ ಕೇಳಿ, ಬೇಕಾದಷ್ಟು ಕೇಳಿ.

ಆದರೆ ಒಂದು ತೊಡಕಿದೆ. ಒಂದು ವರ್ಷ ಬರೆದವರು 'ಹೊಸಹಳ್ಳಿ' ಎಂದು ಬರೆದಿರುತ್ತಾರೆ. ಇನ್ನೊಂದು ವರ್ಷ ಬರೆದವರು ಬಾಯಲ್ಲಿ ಬಂದಂತೆ 'ಹೊಸಳ್ಳಿ' ಎಂದಿರುತ್ತಾರೆ. ಎರಡೂ ಒಂದೇ ಊರೆಂದು ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. 'ಹೊಸಳ್ಳಿ'ಯವರು ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ನಾಳೆ ಆ ಪಟ್ಟಿ ನೋಡಿ ಆಮಂತ್ರಣ ಹಂಚಿದರೆ ಅವರ ಮನೆಗೆ ಪತ್ರ ಹೋಗುವುದಿಲ್ಲ. ಆಗ ಬೇಕಾಗುವುದು ಎರಡನೆಯ ಮಾತು, ಅಪ್‌ಡೇಟ್, ಅಂದರೆ ತಿದ್ದು:

ಅಪ್‌ಡೇಟ್ ದಾಖಲಾತಿ
ಸೆಟ್ ಊರು = 'ಹೊಸಹಳ್ಳಿ'
ವೇರ್ ಊರು = 'ಹೊಸಳ್ಳಿ';

ಇದರಲ್ಲಿ ಕೊನೆಯ ಸಾಲನ್ನು ಬೆರಳಿಟ್ಟು ನೋಡಿ. ಆ 'ವೇರ್' ಸಾಲು ಬಿಟ್ಟುಹೋದರೆ ಕಂಪ್ಯೂಟರು ತಪ್ಪೆಂದು ಹೇಳುವುದಿಲ್ಲ. ವ್ಯಾಕರಣದ ಪ್ರಕಾರ ವಾಕ್ಯ ಸರಿಯೇ ಇದೆ. ಐವತ್ತು ವರ್ಷ ಇಲ್ಲಿ ಓದಿದ ಎಲ್ಲರೂ, ಸುತ್ತಲಿನ ಅಷ್ಟೂ ಹಳ್ಳಿಯವರು, ಒಂದೇ ಏಟಿಗೆ ಹೊಸಹಳ್ಳಿಯವರಾಗಿಬಿಡುತ್ತಾರೆ. ಕಾಗದದ ಮೇಲೆ ಇಂಥದ್ದು ಮಾಡಲು ತಿಂಗಳುಗಟ್ಟಲೆ ಕೂರಬೇಕಿತ್ತು.

ಅದಕ್ಕೇ ಈ ಕೆಲಸ ಮಾಡುವವರು ಒಂದು ಶಿಸ್ತು ಪಾಲಿಸುತ್ತಾರೆ. ತಿದ್ದುವ ಮೊದಲು ಅದೇ 'ವೇರ್' ಸಾಲನ್ನು ಸೆಲೆಕ್ಟ್‌ಗೆ ಹಚ್ಚಿ ನೋಡುತ್ತಾರೆ. ಎಷ್ಟು ಸಾಲು ಬಂತು, ಯಾರು ಯಾರು ಬಂದರು ಎಂದು ಎಣಿಸುತ್ತಾರೆ. ಆಮೇಲೆ 'ಬಿಗಿನ್' ಎಂದು ಹೇಳಿ ಅಪ್‌ಡೇಟ್ ಕೊಡುತ್ತಾರೆ. ಇಷ್ಟು ಸಾಲು ಬದಲಾಯಿತು ಎಂದು ಕಂಪ್ಯೂಟರು ಉತ್ತರಿಸುತ್ತದೆ. ಮೊದಲು ಎಣಿಸಿದ್ದಕ್ಕೆ ಅದು ತಾಳೆಯಾದರೆ 'ಕಮಿಟ್', ಅಂದರೆ ಖಾಯಂ. ತಾಳೆಯಾಗದಿದ್ದರೆ 'ರೋಲ್‌ಬ್ಯಾಕ್', ಎಲ್ಲವೂ ಮೊದಲಿದ್ದಂತೆ. 'ಬಿಗಿನ್' ಹೇಳದಿದ್ದರೆ ಹೆಚ್ಚಿನ ಡೇಟಾಬೇಸುಗಳಲ್ಲಿ ತಿದ್ದುಪಡಿ ಆ ಕ್ಷಣವೇ ಖಾಯಂ ಆಗಿಬಿಡುತ್ತದೆ.

ಇನ್ನೊಂದು ಮಾತು. ಒಬ್ಬರ ಸಾಲನ್ನು ಮಾತ್ರ ತಿದ್ದಬೇಕಾದಾಗ ಹೆಸರು ಹಿಡಿದು ಹೋಗಬೇಡಿ. ನಮ್ಮೂರಲ್ಲಿ ಮಂಜುನಾಥರೂ ಲಕ್ಷ್ಮಮ್ಮನವರೂ ಎಷ್ಟು ಜನ ಇದ್ದಾರೆಂದು ನಿಮಗೇ ಗೊತ್ತು. ದಾಖಲಾತಿ ಸಂಖ್ಯೆ ಮಾತ್ರ ಒಬ್ಬರಿಗೆ ಒಂದೇ. ಅದನ್ನೇ ಹಿಡಿಯಿರಿ.

ಈಗ ಹಿರಿಯರಿಗೆ ಸಂಬಂಧಿಸಿದ ವಿಷಯ. ಹುಟ್ಟಿದ ದಿನಾಂಕದ ಕಲಂ ಮೇಲೆ ಒಂದು ಸೆಲೆಕ್ಟ್ ಹಾಕಿದರೆ ಜೂನ್ 1 ಎಷ್ಟೊಂದು ಸಲ ಬರುತ್ತದೆ ನೋಡಿ, ನಿಮಗೆ ನಗು ಬರುತ್ತದೆ. ಮಗುವನ್ನು ಒಂದನೇ ತರಗತಿಗೆ ಸೇರಿಸಲು ಬಂದ ಅಪ್ಪನಿಗೆ ಆಗ ತಾರೀಖು ಗೊತ್ತಿರುತ್ತಿರಲಿಲ್ಲ. ಮೇಷ್ಟ್ರು ವಯಸ್ಸು ಅಂದಾಜು ಮಾಡಿ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಅದೇ ಟಿ.ಸಿ. ಜೊತೆ ಈ ಶಾಲೆಗೂ ಬಂತು. ಇಷ್ಟು ಜನ ಒಂದೇ ದಿನ ಹುಟ್ಟಿರಲಾರರು, ಸರಿಪಡಿಸೋಣ ಎಂದು ಯಾವ ಬುದ್ಧಿವಂತ ಹುಡುಗನಿಗಾದರೂ ಅನಿಸಬಹುದು. ಬೇಡ ಮಗನೇ. ಆ ತಾರೀಖಿನ ಮೇಲೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನಿಂತಿದೆ. ಅದರ ಮೇಲೆ ನೌಕರಿ, ನಿವೃತ್ತಿ, ಪಿಂಚಣಿ, ಪಾಸ್‌ಪೋರ್ಟು ನಿಂತಿವೆ. ದಾಖಲೆ ಹೇಗಿದೆಯೋ ಹಾಗೆ ಏರಿಸುವುದು ನಮ್ಮ ಕೆಲಸ.

ನಮ್ಮ ರೈತರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಕೈಬರಹದ ಪಹಣಿ ಹೋಗಿ 'ಭೂಮಿ' ಯೋಜನೆಯ ಕಂಪ್ಯೂಟರ್ ಪಹಣಿ ಬಂದಿದೆ. ಸರ್ವೆ ನಂಬರು ಹೇಳಿ ಪಹಣಿ ನೋಡುವುದು ಯಾರಿಗೂ ಸಾಧ್ಯ. ಅದರಲ್ಲಿ ಹೆಸರು ಬದಲಾಗಬೇಕಾದರೆ ಮಾತ್ರ ಅರ್ಜಿ, ನೋಟಿಸು, ಅಧಿಕಾರಿಯ ಒಪ್ಪಿಗೆ ಎಲ್ಲ ಬೇಕು. ಎಸ್‌ಕ್ಯೂಎಲ್‌ನಲ್ಲೂ ಇದಕ್ಕೆ ದಾರಿಯಿದೆ. 'ಗ್ರಾಂಟ್' ಎಂಬ ಮಾತಿನಿಂದ ಒಬ್ಬರಿಗೆ ಸೆಲೆಕ್ಟ್ ಮಾತ್ರ ಕೊಟ್ಟು, ಅಪ್‌ಡೇಟ್ ಕೊಡದೆ ಇರಬಹುದು. ನಮ್ಮ ಶಾಲೆಯ ದಾಖಲೆಗೂ ಹಾಗೇ ಮಾಡೋಣ. ಹುಡುಕಿ ನೋಡುವ ಅವಕಾಶ ಮಕ್ಕಳಿಗಿರಲಿ, ತಿದ್ದುವ ಅಧಿಕಾರ ಮುಖ್ಯೋಪಾಧ್ಯಾಯರು ಒಪ್ಪಿಸಿದ ಒಬ್ಬಿಬ್ಬರಿಗೆ ಇರಲಿ.

ಸಮಿತಿಗೆ ನನ್ನದೊಂದು ಮುಖ್ಯ ವಿನಂತಿಯಿದೆ. ಹಳೆಯ ಪುಸ್ತಕದಲ್ಲಿ ತಿದ್ದುಪಡಿ ಮಾಡಿದ ಜಾಗಗಳನ್ನು ನೋಡಿ. ಹಳೆಯ ಅಕ್ಷರದ ಮೇಲೆ ಕೆಂಪು ಶಾಯಿಯ ಒಂದು ಗೆರೆ, ಪಕ್ಕದಲ್ಲಿ ಹೊಸದು, ಅದರ ಕೆಳಗೆ ಮುಖ್ಯೋಪಾಧ್ಯಾಯರ ಸಹಿ. ಮೊದಲು ಏನಿತ್ತು ಎಂಬುದು ಇವತ್ತಿಗೂ ಓದಲು ಸಿಗುತ್ತದೆ. ಅಪ್‌ಡೇಟ್‌ಗೆ ಆ ಮರ್ಯಾದೆ ತಾನಾಗಿ ಇಲ್ಲ. ನಾವು ಏರ್ಪಾಡು ಮಾಡದಿದ್ದರೆ ಹಳೆಯದು ಗುರುತಿಲ್ಲದಂತೆ ಹೋಗಿ ಹೊಸದು ಮಾತ್ರ ಉಳಿಯುತ್ತದೆ. ಆದ್ದರಿಂದ ತಿದ್ದುಪಡಿಗೆಂದೇ ಇನ್ನೊಂದು ಕೋಷ್ಟಕ ಇಡಿ. ಯಾವ ಸಾಲು, ಮೊದಲು ಏನಿತ್ತು, ಈಗ ಏನಾಯಿತು, ಯಾರು ತಿದ್ದಿದರು, ಯಾವ ದಿನ, ಯಾರ ಆದೇಶ ಎಂಬುದು ಅದರಲ್ಲಿರಲಿ. ಕಂಪ್ಯೂಟರಿಗೆ ಏರಿತೆಂದು ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಗೆದ್ದಲು ಹತ್ತದ ಬೀರುವಿನಲ್ಲಿ ಇಡಿ.

ಮಕ್ಕಳೇ, ನೀವು ಬೆರಳಚ್ಚು ಮಾಡುವ ಪ್ರತಿ ಸಾಲೂ ಈ ಊರಿನ ಒಬ್ಬರ ಬದುಕು. ಅವರಲ್ಲಿ ಕೆಲವರು ಇಲ್ಲೇ ಕೂತಿದ್ದಾರೆ, ಕೆಲವರು ಈಗ ಪುಸ್ತಕದಲ್ಲಿ ಮಾತ್ರ ಇದ್ದಾರೆ. ಅವರ ಹೆಸರನ್ನು ತಪ್ಪಿಲ್ಲದೆ ಬರೆಯಿರಿ.