ಮಾತಿಲ್ಲದ ರೋಗಿ

‘ಪ್ರಯೋಗ’ ಎಂಬ ಶಬ್ದ ನಮ್ಮ ವ್ಯಾಕರಣದಲ್ಲಿಯೂ ಉಂಟು, ವಿಜ್ಞಾನದಲ್ಲಿಯೂ ಉಂಟು. ‘ವೈದ್ಯನು ನಾಯಿಯನ್ನು ಪರೀಕ್ಷಿಸಿದನು’ ಎಂದರೆ ಕರ್ತರಿ ಪ್ರಯೋಗ. ‘ನಾಯಿಯು ವೈದ್ಯನಿಂದ ಪರೀಕ್ಷಿಸಲ್ಪಟ್ಟಿತು’ ಎಂದರೆ ಕರ್ಮಣಿ ಪ್ರಯೋಗ. ಎರಡನೆಯ ವಾಕ್ಯದಲ್ಲಿ ನಾಯಿಗೆ ಮೊದಲ ಮಣೆ ದೊರೆಯಿತೇ ಹೊರತು ಅದರ ಇಚ್ಛೆಗೆ ಎಡೆ ದೊರೆಯಲಿಲ್ಲ. ವೈದ್ಯಶಾಸ್ತ್ರದ ಪ್ರಯೋಗಗಳಿಗೂ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಸಾಕುನಾಯಿಗಳಿಗೆ ಬರುವ ಕ್ಯಾನ್ಸರಿಗೆ ಮದ್ದು ಹುಡುಕುವ ಸಂಶೋಧನೆ ಅಮೆರಿಕದಲ್ಲಿ ಈಗ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಆ ಶಾಸ್ತ್ರ ಮಾಡುವುದೇನು, ಅದರಿಂದ ಲಾಭ ಯಾರಿಗೆ, ಮಾತು ಬಾರದ ರೋಗಿಯ ಪರವಾಗಿ ಒಪ್ಪಿಗೆ ಕೊಡುವವರು ಯಾರು ಎಂಬ ಮೂರು ಸಂಗತಿಗಳನ್ನು ಈ ಹೊತ್ತು ವಿಚಾರಮಾಡೋಣ.

ಕ್ಯಾನ್ಸರನ್ನು ನಮ್ಮವರು ಅರ್ಬುದವೆಂದರು, ಏಡಿಗಂತಿಯೆಂದರು. ಹೆಸರು ಯಾವುದಾದರೂ ರೋಗದ ಬಗೆ ಒಂದೇ: ದೇಹದ ಯಾವುದೋ ಒಂದು ಜೀವಕೋಶ ಮೈಯ ಕಟ್ಟಳೆಯನ್ನು ಮೀರಿ ತನ್ನಷ್ಟಕ್ಕೆ ತಾನೇ ಬೆಳೆಯತೊಡಗುತ್ತದೆ. ಈ ಕೇಡು ಮನುಷ್ಯನಿಗೆ ಮಾತ್ರ ಮೀಸಲಾದುದಲ್ಲ. ದುಗ್ಧಗ್ರಂಥಿಗಳ ಕ್ಯಾನ್ಸರ್, ಮೂಳೆಯ ಕ್ಯಾನ್ಸರ್, ಬಾಯಲ್ಲಿ ಏಳುವ ಕಪ್ಪುಗಂತಿ, ಹೆಣ್ಣುನಾಯಿಗಳ ಸ್ತನದ ಗಡ್ಡೆ — ಇವೆಲ್ಲ ನಾಯಿಗಳಲ್ಲಿ ಸಾಮಾನ್ಯ. ವಯಸ್ಸಾದ ನಾಯಿಗಳ ಸಾವಿಗೆ ಮುಖ್ಯ ಕಾರಣಗಳಲ್ಲಿ ಕ್ಯಾನ್ಸರ್ ಒಂದು.

ಪ್ರಯೋಗಶಾಲೆಯ ಇಲಿಗೆ ಬಹುವೇಳೆ ಕ್ಯಾನ್ಸರನ್ನು ಮನುಷ್ಯನೇ ತಂದು ಹಚ್ಚುತ್ತಾನೆ. ಸಾಕುನಾಯಿಗೆ ಅದು ತಾನಾಗಿ ಬರುತ್ತದೆ. ಯಜಮಾನನ ಮನೆಯಲ್ಲಿಯೇ ಇದ್ದು, ಅವನು ಉಸಿರಾಡುವ ಗಾಳಿಯನ್ನೇ ಉಸಿರಾಡಿ, ಅವನು ಕುಡಿಯುವ ನೀರನ್ನೇ ಕುಡಿದು ಬೆಳೆದ ಪ್ರಾಣಿ ಅದು. ಅದರ ಆಯುಸ್ಸು ಚಿಕ್ಕದಾದುದರಿಂದ ಮನುಷ್ಯರಲ್ಲಿ ಹಲವು ವರ್ಷ ಕಾದು ತಿಳಿಯಬೇಕಾದ ಫಲ ನಾಯಿಯಲ್ಲಿ ಒಂದೆರಡು ವರ್ಷಗಳಲ್ಲೇ ತಿಳಿಯುತ್ತದೆ. 2005ರಲ್ಲಿ ತಾಶಾ ಎಂಬ ಬಾಕ್ಸರ್ ಜಾತಿಯ ಹೆಣ್ಣುನಾಯಿಯ ವಂಶವಾಹಿಗಳ ಪೂರ್ಣ ನಕ್ಷೆ ಪ್ರಕಟವಾದ ಮೇಲೆ, ನಾಯಿಯ ರೋಗವನ್ನೂ ಮನುಷ್ಯನ ರೋಗವನ್ನೂ ಅಕ್ಷರಕ್ಕೆ ಅಕ್ಷರವಿಟ್ಟು ಹೋಲಿಸುವುದು ಸಾಧ್ಯವಾಯಿತು.

ಎಲ್ಲಕ್ಕಿಂತ ಸ್ಪಷ್ಟವಾದ ನಿದರ್ಶನ ಮೂಳೆಯ ಕ್ಯಾನ್ಸರಿನದು. ಮನುಷ್ಯರಲ್ಲಿ ಇದು ಹೆಚ್ಚಾಗಿ ಬೆಳೆಯುವ ವಯಸ್ಸಿನ ಹುಡುಗ ಹುಡುಗಿಯರಿಗೆ ಬರುತ್ತದೆ. ನಾಯಿಗಳಲ್ಲಿ ಗ್ರೇಟ್ ಡೇನ್, ರಾಟ್‌ವೀಲರ್ ಮೊದಲಾದ ದೊಡ್ಡ ಮೈಕಟ್ಟಿನ ತಳಿಗಳಿಗೆ ಬರುತ್ತದೆ. ಎರಡರಲ್ಲೂ ಕಾಲಿನ ಉದ್ದ ಮೂಳೆಯಲ್ಲಿ ಬೇರೂರಿ ಶ್ವಾಸಕೋಶಕ್ಕೆ ಹಬ್ಬುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,000 ಮಂದಿಗೆ ಈ ರೋಗ ಬಂದರೆ, ನಾಯಿಗಳಲ್ಲಿ 10,000ಕ್ಕೂ ಹೆಚ್ಚು. ಇಷ್ಟು ವಿರಳವಾದ ರೋಗಕ್ಕೆ ಮಕ್ಕಳಲ್ಲಿ ಮದ್ದನ್ನು ಪರೀಕ್ಷಿಸುವುದು ಬಹಳ ನಿಧಾನದ ಕೆಲಸ. ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಪಶುವೈದ್ಯ ಸ್ಟೀಫನ್ ವಿಥ್ರೊ ಮತ್ತು ಅವರ ಸಂಗಡಿಗರು ನಾಯಿಯ ಕಾಲನ್ನು ಕತ್ತರಿಸಿ ತೆಗೆಯದೆ, ರೋಗ ಹಿಡಿದ ಮೂಳೆಯ ತುಂಡನ್ನಷ್ಟೇ ತೆಗೆದು ಕಾಲನ್ನು ಉಳಿಸುವ ಶಸ್ತ್ರಚಿಕಿತ್ಸೆಯನ್ನು ಬೆಳೆಸಿದರು. ಆ ಅನುಭವ ಮಕ್ಕಳ ಕಾಲುಗಳನ್ನು ಉಳಿಸುವುದಕ್ಕೂ ನೆರವಾಯಿತು.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಗ್ರೆಗೊರಿ ಮೆಕ್ಯೂಯನ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗವನ್ನು ನೋಡಿ. ಕಾಲು ತೆಗೆದ ನಾಯಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ರೋಗನಿರೋಧಕ ಶಕ್ತಿಯನ್ನು ಬಡಿದೆಬ್ಬಿಸುವ ಮದ್ದನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿ ರಕ್ತನಾಳಕ್ಕೆ ಕೊಟ್ಟರು. ಮತ್ತೊಂದಕ್ಕೆ ಮದ್ದಿಲ್ಲದ ಗುಳ್ಳೆಗಳನ್ನು ಕೊಟ್ಟರು. ಮದ್ದು ಪಡೆದ ಗುಂಪಿನ ಬದುಕಿನ ಮಧ್ಯಮಾವಧಿ 222 ದಿನ. ಪಡೆಯದ ಗುಂಪಿನದು 77 ದಿನ. ಅದೇ ಮದ್ದನ್ನು ಅಮೆರಿಕದ ಔಷಧ ಆಡಳಿತ 2007ರಲ್ಲಿ ಒಪ್ಪಲಿಲ್ಲ. ಯುರೋಪಿನಲ್ಲಿ 2009ರಲ್ಲಿ ಅದಕ್ಕೆ ಅನುಮತಿ ದೊರೆತು, ಮೂಳೆಯ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಮಕ್ಕಳಿಗೂ ತರುಣರಿಗೂ ಕೊಡುವಂತಾಯಿತು.

ಈ ಅಂಕಿಗಳನ್ನು ಓದುವಾಗ ನನ್ನ ಮನಸ್ಸು 222ಕ್ಕಿಂತ 77ರ ಬಳಿಯೇ ಹೆಚ್ಚು ಹೊತ್ತು ನಿಲ್ಲುತ್ತದೆ. ಆ ಗುಂಪಿನ ಒಂದೊಂದು ನಾಯಿಗೂ ಒಂದೊಂದು ಮನೆಯಿತ್ತು. ಬಾಗಿಲ ಸದ್ದಿಗೆ ಕಿವಿ ನಿಮಿರಿಸುವ ಪ್ರಾಣಿಯೊಂದು ಆ ಮನೆಯಲ್ಲಿತ್ತು. ಅದರ ಪಾಲಿಗೆ ಬರಿಯ ಗುಳ್ಳೆ ಬಂದೀತೆಂಬುದನ್ನು ತಿಳಿದೂ ಯಜಮಾನ ಸಹಿ ಹಾಕಬೇಕು. ಆ ಗುಂಪಿಲ್ಲದಿದ್ದರೆ ಮದ್ದಿನ ಗುಣ ಯಾರಿಗೂ ತಿಳಿಯುತ್ತಿರಲಿಲ್ಲ. ಇದು ವಿಜ್ಞಾನದ ನ್ಯಾಯ. ಆದರೆ ಆ ನ್ಯಾಯದ ತಕ್ಕಡಿಯಲ್ಲಿ ತನ್ನನ್ನು ಇಡಲಾಗಿದೆ ಎಂಬುದು ನಾಯಿಗೆ ತಿಳಿಯದು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಇ. ಡೊನಾಲ್ ಥಾಮಸ್ ಅವರು ಮೂಳೆಮಜ್ಜೆಯನ್ನು ಕಸಿಮಾಡುವ ಚಿಕಿತ್ಸೆಗಾಗಿ 1990ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ರಕ್ತದ ಕ್ಯಾನ್ಸರಿನಿಂದ ಎಷ್ಟೋ ಜನರನ್ನು ಉಳಿಸಿದ ಆ ವಿದ್ಯೆ ಮೊದಲು ಪಳಗಿದ್ದು ಪ್ರಯೋಗಶಾಲೆಯ ನಾಯಿಗಳ ಮೈಮೇಲೆ. ಅವು ರೋಗಿಗಳಾಗಿರಲಿಲ್ಲ, ರೋಗಿಗಳಿಗಾಗಿ ಬಳಕೆಯಾದ ಪ್ರಾಣಿಗಳು. ಆಸ್ಪತ್ರೆಗೆ ಬರುವ ಸಾಕುನಾಯಿಯಾದರೋ ಮೊದಲು ರೋಗಿ, ಆಮೇಲೆ ಪ್ರಮಾಣ. ಈ ಅನುಕ್ರಮ ತಿರುವುಮುರುವಾಗದಂತೆ ಕಾಯುವುದೇ ಈ ಸಂಶೋಧನೆಯ ಧರ್ಮ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2003ರಲ್ಲಿ ಮನುಷ್ಯ ಮತ್ತು ಪ್ರಾಣಿಗಳ ಕ್ಯಾನ್ಸರನ್ನು ಜೊತೆಯಾಗಿ ಅಭ್ಯಸಿಸುವ ವಿಭಾಗವೊಂದನ್ನು ತೆರೆಯಿತು. ಹಲವು ಪಶುವೈದ್ಯ ವಿದ್ಯಾಲಯಗಳು ಅದರೊಡನೆ ಕೂಡಿ ಕೆಲಸ ಮಾಡುತ್ತಿವೆ. ಮೂಳೆಯ ಕ್ಯಾನ್ಸರಿದ್ದ 324 ನಾಯಿಗಳ ಮೇಲೆ ನಡೆದ ಅವರ ಒಂದು ಪರೀಕ್ಷೆಯ ಫಲ 2021ರಲ್ಲಿ ಹೊರಬಂದಿತು. ಇಲ್ಲಿ ಯಾವ ನಾಯಿಗೂ ರೂಢಿಯ ಚಿಕಿತ್ಸೆಯನ್ನು ತಪ್ಪಿಸಲಿಲ್ಲ. ಎಲ್ಲವಕ್ಕೂ ಶಸ್ತ್ರಚಿಕಿತ್ಸೆ, ಎಲ್ಲವಕ್ಕೂ ಕಾರ್ಬೊಪ್ಲಾಟಿನ್ ಎಂಬ ಮದ್ದು. ಒಂದು ಗುಂಪಿಗೆ ಅದರ ಮೇಲೆ ಸಿರೊಲಿಮಸ್ ಎಂಬ ಹೊಸ ಮದ್ದು. ಫಲವೇನೆಂದರೆ, ಹೊಸ ಮದ್ದಿನಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ಇಂತಹ ಫಲ ಯಾರಿಗೂ ಹಬ್ಬವಲ್ಲ. ಆದರೂ ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಪ್ರಯೋಜನವಿಲ್ಲದ ಮದ್ದಿನ ದಾರಿಯಲ್ಲಿ ಮುಂದೆ ನಡೆಯಬೇಕಾಗಿದ್ದ ಮಕ್ಕಳಿಗೂ ನಾಯಿಗಳಿಗೂ ಅದು ಉಪಕಾರವೇ ಸರಿ.

ನಾಯಿಗಳಿಗೇ ನೇರವಾಗಿ ಆದ ಲಾಭವೂ ಉಂಟು. ಚರ್ಮದಲ್ಲಿ ಏಳುವ ಒಂದು ಬಗೆಯ ಗಂತಿಗೆ ಟೊಸೆರಾನಿಬ್ ಎಂಬ ಗುಳಿಗೆಯನ್ನು ಅಮೆರಿಕದ ಔಷಧ ಆಡಳಿತ 2009ರಲ್ಲಿ ಒಪ್ಪಿತು. ನಾಯಿಯ ಕ್ಯಾನ್ಸರಿಗೆಂದೇ ಅಲ್ಲಿ ಅನುಮತಿ ಪಡೆದ ಮೊದಲ ಮದ್ದು ಅದು.

ಇನ್ನು ಒಪ್ಪಿಗೆಯ ಮಾತು. ಕ್ಯಾನ್ಸರ್ ಬಂದ ತಂದೆ, ಮಗಳ ಮದುವೆಯನ್ನು ನೋಡುವ ಆಸೆಯಿಂದ, ಕೂದಲುದುರುವ, ವಾಂತಿಯಾಗುವ ಕಠಿಣ ಚಿಕಿತ್ಸೆಯನ್ನು ಸಹಿಸಿಯಾನು. ಮುಂದಿನ ವೈಶಾಖಕ್ಕಾಗಿ ಈ ಮಾಘದ ನೋವನ್ನು ಒಪ್ಪಿಕೊಳ್ಳುವ ಶಕ್ತಿ ಮನುಷ್ಯನಿಗುಂಟು. ನಾಯಿಗೆ ಆ ಲೆಕ್ಕವಿಲ್ಲ. ಈ ಹೊತ್ತಿನ ನೋವು ಅದಕ್ಕೆ ಬರಿಯ ನೋವು; ಈ ಹೊತ್ತಿನ ಬಿಸಿಲು, ಅನ್ನ, ಯಜಮಾನನ ಕೈ ಇವೇ ಅದರ ಸುಖ. ಆದುದರಿಂದಲೇ ಪಶುವೈದ್ಯರು ಸಾಮಾನ್ಯವಾಗಿ ಮದ್ದಿನ ಪ್ರಮಾಣವನ್ನು ಮೆತ್ತಗೆ ಇಡುತ್ತಾರೆ. ರೋಗವನ್ನು ಬೇರುಸಹಿತ ಕೀಳುವ ಹಟಕ್ಕಿಂತ, ಉಳಿದ ದಿನಗಳು ನೆಮ್ಮದಿಯಾಗಿರಲಿ ಎಂಬುದು ಅವರ ಗುರಿ.

ಸಹಿ ಹಾಕುವ ಯಜಮಾನನ ಮನಸ್ಸೂ ಸರಳವಲ್ಲ. ಪ್ರೀತಿ ಅವನನ್ನು ಒಂದು ಕಡೆ ಎಳೆಯುತ್ತದೆ, ಖರ್ಚು ಇನ್ನೊಂದು ಕಡೆ. ಪ್ರಯೋಗಕ್ಕೆ ಸೇರಿದರೆ ಚಿಕಿತ್ಸೆಯ ವೆಚ್ಚವನ್ನು ಅನೇಕ ವೇಳೆ ಸಂಶೋಧಕರೇ ಹೊರುತ್ತಾರೆ; ಕೈಯಲ್ಲಿ ಹಣವಿಲ್ಲದವನಿಗೆ ಅದೇ ಒಂದು ಒತ್ತಾಯವಾದೀತು. ಆದುದರಿಂದ ಸಹಿಗೆ ಮುಂಚೆ ಅವನು ವೈದ್ಯರನ್ನು ಮೂರು ಪ್ರಶ್ನೆ ಕೇಳಬೇಕು: ಇದರಿಂದ ನನ್ನ ನಾಯಿಗೆ ಏನು ದೊರೆಯಬಹುದು? ಅದು ಏನೇನು ಸಹಿಸಬೇಕಾದೀತು? ಸಾಕು ಎಂದು ನಾನು ಹೇಳಿದ ದಿನ ನೀವು ನಿಲ್ಲಿಸುವಿರಾ? ಮೂರನೆಯ ಪ್ರಶ್ನೆಗೆ ‘ಆಗಲಿ’ ಎಂಬ ಉತ್ತರ ಬಾರದಿದ್ದರೆ ಉಳಿದೆರಡರ ಉತ್ತರ ಎಷ್ಟೇ ಚೆನ್ನಾಗಿದ್ದರೂ ಫಲವಿಲ್ಲ.

ಇದೆಲ್ಲ ದೂರದ ದೇಶದ ಶ್ರೀಮಂತರ ಮಾತು ಎಂದು ನಿಮಗೆ ತೋರಬಹುದು. ಆದರೆ ನಮ್ಮ ಊರುಗಳ ಬೀದಿನಾಯಿಗಳಲ್ಲಿ ಒಂದು ವಿಚಿತ್ರವಾದ ಕ್ಯಾನ್ಸರ್ ಉಂಟು. ಅದು ಕೂಡುವಿಕೆಯಿಂದ ನಾಯಿಯಿಂದ ನಾಯಿಗೆ ದಾಟುತ್ತದೆ; ದಾಟುವುದು ಯಾವ ಕ್ರಿಮಿಯೂ ಅಲ್ಲ, ಕ್ಯಾನ್ಸರಿನ ಜೀವಕೋಶವೇ. ಎಂದೋ ಸತ್ತ ಒಂದು ನಾಯಿಯ ಕೋಶ ಸಾವಿರಾರು ವರ್ಷಗಳಿಂದ ಹೀಗೆ ಮೈಯಿಂದ ಮೈಗೆ ಸಾಗಿ ಬದುಕಿದೆ. ರಷ್ಯದ ಪಶುವೈದ್ಯ ನೊವಿನ್ಸ್ಕಿ ಈ ಗಂತಿಯನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ಕಸಿಮಾಡಿ ತೋರಿಸಿದ್ದು 1876ರಷ್ಟು ಹಿಂದೆ. ಇದಕ್ಕೆ ಒಳ್ಳೆಯ ಮದ್ದು ವಿನ್‌ಕ್ರಿಸ್ಟಿನ್. ವಾರಕ್ಕೊಂದರಂತೆ ಕೆಲವು ಚುಚ್ಚುಮದ್ದು ಕೊಟ್ಟರೆ ಬಹುತೇಕ ನಾಯಿಗಳು ಗುಣವಾಗುತ್ತವೆ. ಮಕ್ಕಳ ರಕ್ತದ ಕ್ಯಾನ್ಸರಿಗೂ ಬಳಕೆಯಾಗುವ ಈ ಮದ್ದು ದೊರೆಯುವುದು ನಮ್ಮ ಹಿತ್ತಿಲಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ. ಮನುಷ್ಯನ ಮದ್ದು ನಾಯಿಗೆ, ನಾಯಿಯ ಮದ್ದು ಮನುಷ್ಯನಿಗೆ — ಈ ಋಣ ಎರಡು ಕಡೆಗೂ ಹರಿಯುವಂಥದು. ಆದರೆ ಬೀದಿನಾಯಿಯ ಪರವಾಗಿ ಸಹಿ ಹಾಕುವ ಯಜಮಾನನಿಲ್ಲ. ಅದನ್ನು ದನದ ಆಸ್ಪತ್ರೆಯವರೆಗೆ ಹೊತ್ತುಕೊಂಡು ಹೋಗುವವನೇ ಆ ಹೊತ್ತಿಗೆ ಅದರ ಯಜಮಾನ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಕಲ್ಲು ದೊರೆತಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ವೀರ ಮಣಲೇರ ತನ್ನ ಶೌರ್ಯಕ್ಕೆ ಬಹುಮಾನವಾಗಿ ಬೇಡಿ ಪಡೆದ ನಾಯಿ ಕಾಳಿ ಕಾಡುಹಂದಿಯೊಡನೆ ಕಾದಾಡಿ ಸತ್ತಾಗ, ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಕಾಳಿಗೆ ಹಂದಿ ಎದುರಿಗೆ ಕಾಣುತ್ತಿತ್ತು. ಇಂದಿನ ಈ ನಾಯಿಗಳು ತಮ್ಮ ಕಣ್ಣಿಗೆ ಕಾಣದ ಶತ್ರುವಿನೊಡನೆ, ತಮಗೆ ಹೆಸರೇ ತಿಳಿಯದ ಮಕ್ಕಳ ಪರವಾಗಿಯೂ ಹೋರಾಡುತ್ತಿವೆ. ಅವಕ್ಕೆ ಕಲ್ಲು ನಿಲ್ಲಿಸುವುದು ಆಮೇಲಿನ ಮಾತು. ಬದುಕಿರುವಾಗ ಅವುಗಳ ನೋವನ್ನು ಅಳೆದು, ಸಾಕೆನ್ನಬೇಕಾದ ದಿನ ಸಾಕೆನ್ನುವ ಧೈರ್ಯ ನಮಗಿದ್ದರೆ ಋಣದ ಮೊದಲ ಕಂತು ಸಂದಂತೆ.