ತಲೆಯೊಳಗಿನ ಪೆಟ್ಟು
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಹೊಡೆತ ತಿಂದವಳ ಮೈಮೇಲಿನ ಬಾಸುಂಡೆ ನಮ್ಮ ಕಣ್ಣಿಗೆ ಬೀಳುತ್ತದೆ. ತಲೆಯೊಳಗಿನ ಪೆಟ್ಟು ಕಾಣುವುದಿಲ್ಲ. ಇವತ್ತು ಆ ಪೆಟ್ಟಿನ ಬಗ್ಗೆ, ಅದರಿಂದ ಚೇತರಿಸಿಕೊಳ್ಳುವ ಬಗ್ಗೆ ಮಾತಾಡೋಣ.

ಮಿದುಳು ಬಲು ಮೆತ್ತಗಿನ ಅಂಗ. ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದಾಗ ಅದು ಬುರುಡೆಯೊಳಗೇ ಬಡಿದುಕೊಳ್ಳುತ್ತದೆ. ರಕ್ತ ಬರದಿದ್ದರೂ, ಎಚ್ಚರ ತಪ್ಪದಿದ್ದರೂ, ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ದರೂ ಪೆಟ್ಟಾಗಿರಬಹುದು. ಕತ್ತು ಹಿಸುಕಿದರೆ ಮಿದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದು, ಕೆಲವು ದಿನಗಳ ಮೇಲೂ ಲಕ್ವ ಹೊಡೆಯಬಹುದು, ಹರೆಯದ ಹೆಣ್ಣುಮಕ್ಕಳಿಗೂ.

ಆಮೇಲೆ ಏನಾಗುತ್ತದೆ? ತಲೆನೋವು, ತಲೆಸುತ್ತು, ಮರೆವು. ಒಲೆಯ ಮೇಲಿಟ್ಟ ಹಾಲು ನೆನಪಿರುವುದಿಲ್ಲ. ಸದ್ದು ಸಹಿಸಲಾಗುವುದಿಲ್ಲ, ಸಿಟ್ಟು ಬೇಗ ಬರುತ್ತದೆ. ಹೊಡೆದವರೇ 'ಇವಳಿಗೆ ತಲೆ ಕೆಟ್ಟಿದೆ' ಎಂದು ತವರಿಗೆ ಅಟ್ಟುತ್ತಾರೆ. ನಡೆದದ್ದನ್ನು ಹಿಂದುಮುಂದಾಗಿ ಹೇಳಿದರೆ ಸುಳ್ಳಿ ಎನ್ನುತ್ತಾರೆ. ನಮ್ಮ ಸಂಘದಲ್ಲೂ ಕಂತಿನ ಲೆಕ್ಕ ತಪ್ಪಿದವಳಿಗೆ ದಂಡ ಹಾಕುತ್ತೇವೆ. ಅದಕ್ಕೆ ಮುಂಚೆ ಒಂದು ಮಾತು ಕೇಳಿದ್ದೇವೆಯೇ?

ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೂ ಹಾಗೆಯೇ. ರಕ್ತ ಹೆಪ್ಪುಗಟ್ಟಿ ಬಂದ ಲಕ್ವಕ್ಕೆ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಡಾಕ್ಟರ ಮುಂದೆ 'ಬಚ್ಚಲಲ್ಲಿ ಜಾರಿಬಿದ್ದೆ' ಎನ್ನಬೇಡಿ. ನಿಜ ಹೇಳಿದರೆ ಚಿಕಿತ್ಸೆಯೂ ಸರಿಯಾಗುತ್ತದೆ, ದಾಖಲೆಯೂ ಉಳಿಯುತ್ತದೆ.

ಸಣ್ಣ ಪೆಟ್ಟಾದರೆ ಒಂದೆರಡು ದಿನ ವಿಶ್ರಾಂತಿ, ಬಳಿಕ ನಿಧಾನವಾಗಿ ಕೆಲಸ. ಬಹಳಷ್ಟು ಮಂದಿ ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ, ಕೆಲವರಿಗೆ ತಿಂಗಳುಗಳೇ ಬೇಕು. ಮಾಯುವ ಮೊದಲೇ ಮತ್ತೊಂದು ಹೊಡೆತ ಬಿದ್ದರೆ ಅಪಾಯ ಹೆಚ್ಚು. ಹಾಗಾಗಿ ಹೊಡೆತವಿಲ್ಲದ ಜಾಗವೇ ಮೊದಲ ಔಷಧಿ.

ದೊಡ್ಡ ಪೆಟ್ಟಾದಾಗ, ಲಕ್ವವಾದಾಗ ಮಿದುಳು ಅಭ್ಯಾಸದಿಂದ ಮತ್ತೆ ಕಲಿಯುತ್ತದೆ. ಫಿಸಿಯೋಥೆರಪಿ, ಮಾತಿನ ತರಬೇತಿ ಎರಡೂ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ನರರೋಗ ಪುನರ್ವಸತಿ ವಿಭಾಗವಿದೆ. ಮನೆಯಲ್ಲಿ ಸೋತ ಕೈಯಿಂದಲೇ ಲೋಟ ಎತ್ತುವುದು, ಬಟ್ಟೆ ಮಡಿಸುವುದು ದಿನವೂ ನಡೆಯಲಿ. ಒಂದು ಸಲಕ್ಕೆ ಒಂದೇ ಕೆಲಸ. ನೆನಪಿಡಬೇಕಾದದ್ದನ್ನು ಪುಸ್ತಕದಲ್ಲಿ ಬರೆಯಲಿ. ಬರೆಯಲು ಬಾರದಿದ್ದರೆ ನಾವು ನೆನಪಿಸೋಣ.

ಚಿಕಿತ್ಸೆಯ ಖರ್ಚನ್ನು ಹೊಡೆದವನಿಂದಲೇ ಕೇಳುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಕೊಟ್ಟಿದೆ. ರಕ್ಷಣೆಯ ಆದೇಶವನ್ನೂ, ವಾಸದ ಹಕ್ಕನ್ನೂ ಅದರಡಿ ಕೇಳಬಹುದು. ಮಹಿಳಾ ಸಹಾಯವಾಣಿ 181.

ಮುಂದಿನ ವಾರದ ಸಭೆಗೆ ಯಾರಾದರೂ ಮಂಕಾಗಿ ಬಂದರೆ ಪಕ್ಕಕ್ಕೆ ಕರೆದು ಕೇಳಿ: ತಲೆಗೆ ಹೊಡೆದಿದ್ದರೇ? ಕತ್ತು ಹಿಸುಕಿದ್ದರೇ? ಹೌದು ಎಂದರೆ ಒಬ್ಬರು ಅವಳ ಜೊತೆ ಆಸ್ಪತ್ರೆಗೆ ಹೊರಡಿ. ಉಳಿದವರು ಅವಳ ಮಕ್ಕಳನ್ನು ನೋಡಿಕೊಳ್ಳಿ.