ಕಾವಲಿನ ಲೆಕ್ಕ, ಕಾವಲಿನ ಹೊಣೆ



ಕನಕಪುರ ತಾಲ್ಲೂಕಿನ ಹೋಬಳಿಯಾಗಿದ್ದ ಹಾರೋಹಳ್ಳಿ ಈಗ ತಾಲ್ಲೂಕು ಕೇಂದ್ರ. ಕೈಗಾರಿಕಾ ಪ್ರದೇಶ ಬೆಳೆದ ನೆಲದಲ್ಲೇ ದಯಾನಂದ ಸಾಗರ ವಿಶ್ವವಿದ್ಯಾಲಯದ ಆವರಣ ಎದ್ದಿದೆ. ಇದೇ ಕನಕಪುರ ರಸ್ತೆಯ ಜಕ್ಕಸಂದ್ರದಲ್ಲಿ ಜೈನ್ ವಿಶ್ವವಿದ್ಯಾಲಯವಿದೆ. ದೂರದ ಊರುಗಳಿಂದ ಬಂದ ಮಕ್ಕಳು ಇಲ್ಲಿನ ಹಾಸ್ಟೆಲ್ಲು, ಪಿಜಿಗಳಲ್ಲಿ ವರ್ಷಗಟ್ಟಲೆ ಬದುಕುತ್ತಾರೆ. ಅವರನ್ನು ಕಾಯುವವರು ಯಾರು, ಎಷ್ಟು ಮಂದಿ, ಯಾರ ಹಣದಲ್ಲಿ ಎಂಬುದು ಈ ಸಂಕಿರಣದ ಮುಂದಿರುವ ಪ್ರಶ್ನೆ. ನನ್ನ ನಿಲುವು ಇಷ್ಟು: ವಿಶ್ವವಿದ್ಯಾಲಯಕ್ಕೆ ತನ್ನದೇ ಪೊಲೀಸ್ ಪಡೆ ಬೇಕಿಲ್ಲ, ತನ್ನದೇ ಸಂಬಳದ, ತರಬೇತಿ ಪಡೆದ ಕಾವಲು ಸಿಬ್ಬಂದಿ ಬೇಕು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯ 1894ರಲ್ಲೇ ತನ್ನ ಪೊಲೀಸರನ್ನು ಹೊಂದಿತು. ಅದೇ ದಾರಿ ನಮಗೇಕಾಗದು ಎಂದು ಕೇಳುವವರಿದ್ದಾರೆ. ಆದರೆ ನಮ್ಮ ಸಂವಿಧಾನದಲ್ಲಿ ಪೊಲೀಸು ರಾಜ್ಯಪಟ್ಟಿಯ ವಿಷಯ. ಗೇಟಿನಲ್ಲಿ ನಿಂತ ಗಾರ್ಡಿಗೆ ಸಾಮಾನ್ಯ ನಾಗರಿಕನಿಗಿಂತ ಹೆಚ್ಚಿನ ಅಧಿಕಾರವಿಲ್ಲ. ತನ್ನ ಕಣ್ಣೆದುರೇ ಗಂಭೀರ ಅಪರಾಧ ನಡೆದರೆ ಆತ ಆರೋಪಿಯನ್ನು ಹಿಡಿಯಬಹುದು. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನ ಪ್ರಕಾರ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಈ ಮಿತಿ ಒಳ್ಳೆಯದೇ. ಶುಲ್ಕ ವಸೂಲು ಮಾಡುವ, ಅಂಕ ಕೊಡುವ ಆಡಳಿತದ ಕೈಗೆ ಬಂಧಿಸುವ ಅಧಿಕಾರವೂ ಸೇರಿದರೆ ಪ್ರಶ್ನೆ ಕೇಳುವ ವಿದ್ಯಾರ್ಥಿಗೆ ನಿಲ್ಲಲು ನೆಲ ಉಳಿಯದು.

ಹಾಗಾದರೆ ಆವರಣದ ಬಳಿಯೇ ಠಾಣೆಯಿದ್ದರೆ ಸಾಕೆ? ಸಾಧ್ಯವಿದ್ದಲ್ಲಿ ಠಾಣೆ ಇರಲೆಂದು ಯುಜಿಸಿಯ 2015ರ ಮಾರ್ಗಸೂಚಿಯೂ ಸಲಹೆ ಮಾಡಿದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯನ್ನು ನೋಡಿ. ಆ ಹೆಸರಿನ ಠಾಣೆಯೇ ಅಲ್ಲಿದೆ. ಆದರೂ 2022ರ ಅಕ್ಟೋಬರ್‌ನಲ್ಲಿ ಆವರಣದ ರಸ್ತೆಯಲ್ಲಿ ವಿದ್ಯಾರ್ಥಿನಿಯೊಬ್ಬರು ಬಸ್ಸಿನಡಿ ಸಿಲುಕಿದರು, ಬಳಿಕ ಕೊನೆಯುಸಿರೆಳೆದರು. ಹೊರಗಿನ ವಾಹನಗಳನ್ನು ತಡೆಯಿರಿ ಎಂದು ವಿದ್ಯಾರ್ಥಿಗಳು ಬೀದಿಗಿಳಿದರು. ಅಪರಾಧ ನಡೆದ ಮೇಲೆ ಬರುವುದು ಠಾಣೆಯ ಕೆಲಸ; ಅಪಾಯವನ್ನು ಮೊದಲೇ ಕಂಡು ತಡೆಯುವುದು ಆವರಣದ ದಿನನಿತ್ಯದ ಕೆಲಸ.

ಆ ಕೆಲಸಕ್ಕೆ ಬೇಕಾದ ಜನರ ಲೆಕ್ಕ ಸರಳ. ವಾರಕ್ಕೆ 168 ಗಂಟೆ. ಹಾಸ್ಟೆಲ್ಲಿನ ಒಂದು ಬಾಗಿಲನ್ನು ಹಗಲಿರುಳು ಕಾಯಲು, ವಾರಕ್ಕೆ 48 ಗಂಟೆ ದುಡಿಯುವವರು ಮೂರೂವರೆ ಮಂದಿ ಬೇಕು. ರಜೆ, ಕಾಯಿಲೆ ಸೇರಿಸಿದರೆ ನಾಲ್ವರು. ಅದೇ ಬಾಗಿಲನ್ನು ಇಬ್ಬರಿಗೆ ಹನ್ನೆರಡು ಗಂಟೆಯ ಪಾಳಿಯಲ್ಲಿ ಒಪ್ಪಿಸಿದರೆ ಒಬ್ಬೊಬ್ಬರೂ ವಾರಕ್ಕೆ 84 ಗಂಟೆ ನಿಲ್ಲಬೇಕು. ನಡುರಾತ್ರಿ ಅವರ ಕಣ್ಣು ಮುಚ್ಚಿದರೆ ತಪ್ಪು ಅವರದಲ್ಲ, ಲೆಕ್ಕ ಹಾಕಿದವರದು. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆ ತರಬೇತಿಯನ್ನು ಕಡ್ಡಾಯ ಮಾಡಿದೆ. ಮಾದರಿ ನಿಯಮಗಳು 100 ಗಂಟೆ ಪಾಠ, 60 ಗಂಟೆ ಕ್ಷೇತ್ರಾಭ್ಯಾಸ ಎನ್ನುತ್ತವೆ. ಕಡಿಮೆ ದರಕ್ಕೆ ಟೆಂಡರು ಕೊಟ್ಟು, ಆರು ತಿಂಗಳಿಗೊಮ್ಮೆ ಮುಖ ಬದಲಾಗುವ ಕಡೆ ಈ ತರಬೇತಿ ನಿಲ್ಲುವುದಾದರೂ ಹೇಗೆ? ಮಕ್ಕಳ ಮುಖ ಗುರುತಿರುವವರಿಗೆ ಮಾತ್ರ ಯಾರು ಹೊರಗಿನವರು, ಯಾರು ಸಂಕಟದಲ್ಲಿದ್ದಾರೆ ಎಂಬುದು ತಿಳಿಯುತ್ತದೆ.

ಇದಕ್ಕೆ ಹಣವೆಲ್ಲಿ, ಶುಲ್ಕ ಏರುವುದಿಲ್ಲವೆ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಹೊರಗುತ್ತಿಗೆಯೂ ಅಗ್ಗವಲ್ಲ. ಪಿಯುಸಿವರೆಗಿನ ಸಂಸ್ಥೆಗಳಿಗೆ ಭದ್ರತಾ ಸೇವೆಯ ಮೇಲಿರುವ ಜಿಎಸ್‌ಟಿ ವಿನಾಯಿತಿ ವಿಶ್ವವಿದ್ಯಾಲಯಗಳಿಗಿಲ್ಲ; ಏಜೆನ್ಸಿಯ ಲಾಭಾಂಶದ ಜೊತೆಗೆ ಶೇಕಡಾ 18ರ ತೆರಿಗೆಯೂ ಸೇರುತ್ತದೆ. ನೇರ ನೇಮಕಾತಿಯಲ್ಲಿ ಆ ಹಣ ಸಂಬಳಕ್ಕೂ ಪಿಎಫ್‌ಗೂ ಹೋಗಲಿ. ಮೈಸೂರಿನ ಇನ್ಫೋಸಿಸ್ ಆವರಣವನ್ನು ಕೇಂದ್ರ ಕೈಗಾರಿಕಾ ಭದ್ರತಾ ಪಡೆ (ಸಿಐಎಸ್‌ಎಫ್) ಕಾಯುತ್ತಿದೆ, ಖರ್ಚು ಕಂಪನಿಯದು. ತಂತ್ರಜ್ಞರಿಗೆ ಅಷ್ಟು ಬೆಲೆ ಕಟ್ಟುವ ನಾಡು ವಿದ್ಯಾರ್ಥಿಗಳಿಗೆ ಕಡಿಮೆ ಕಟ್ಟಬೇಕಿಲ್ಲ. ಸಿಸಿಟಿವಿ ಸಾಲದೆ ಎನ್ನುವವರಿಗೂ ಒಂದು ಮಾತು: ಕ್ಯಾಮೆರಾ ನಡೆದುದನ್ನು ನೆನಪಿಡುತ್ತದೆ, ನಡೆಯುವುದನ್ನು ತಡೆಯಲು ಕಾಲು ಬೇಕು.

ಆದ್ದರಿಂದ ಈ ಸಂಕಿರಣ ಮೂರು ನಿರ್ಣಯಗಳತ್ತ ಯೋಚಿಸಲಿ ಎಂದು ಕೋರುತ್ತೇನೆ. ಪ್ರತಿ ವಿಶ್ವವಿದ್ಯಾಲಯದ ಬಜೆಟ್ಟಿನಲ್ಲಿ ಭದ್ರತೆಗೆ ಪ್ರತ್ಯೇಕ ಶೀರ್ಷಿಕೆಯಿದ್ದು, ಪಾಳಿವಾರು ಸಿಬ್ಬಂದಿಯ ಲೆಕ್ಕ ಬಹಿರಂಗವಾಗಲಿ. ಪೊಲೀಸರನ್ನು ಯಾವಾಗ ಕರೆಯಬೇಕು, ಅವರು ಯಾವಾಗ ಒಳಬರಬೇಕು ಎಂಬುದು ಹಾರೋಹಳ್ಳಿ ಠಾಣೆಯೊಂದಿಗಿನ ಲಿಖಿತ ಒಪ್ಪಂದದಲ್ಲಿರಲಿ. ಕಾವಲುಗಾರರ ಮೇಲಿನ ದೂರನ್ನು ಕೇಳುವ ಸಮಿತಿಯಲ್ಲಿ ವಿದ್ಯಾರ್ಥಿಗಳು, ಅದರಲ್ಲೂ ವಿದ್ಯಾರ್ಥಿನಿಯರು ಇರಲಿ. ಮಕ್ಕಳನ್ನು ನಮ್ಮ ಕೈಗೊಪ್ಪಿಸಿ ಬಸ್ಸು ಹತ್ತುವ ತಂದೆತಾಯಿಗೆ ನಾವು ಕೊಡಬೇಕಾದ ಉತ್ತರ ಇದರಲ್ಲಿದೆ. ಆ ಉತ್ತರವನ್ನು ಎರಡು ದಿನ ಕೂತು ಒಟ್ಟಾಗಿ ಬರೆಯೋಣ.